ಹೇಳಿಕೊಳ್ಳಲಾಗದ ನೋವು

ಗುದದ್ವಾರದ ನೋವೆಲ್ಲವನ್ನೂ ‘ಮೂಲವ್ಯಾಧಿ’ ಎಂದೇ ಭಾವಿಸಿ, ನಾಚಿಕೆಯಿಂದ ಬಚ್ಚಿಡುವುದು ಹುಬ್ಬಳ್ಳಿ-ಧಾರವಾಡದ ನಮ್ಮಂಥ ಮನೆಗಳಲ್ಲಿ ಹೊಸದಲ್ಲ. ನಮ್ಮ ಹಿರಿಯರೊಬ್ಬರು ಶೌಚದ ನೋವಿಗಂಜಿ ಊಟವನ್ನೇ ಕಡಿಮೆ ಮಾಡಿದ್ದರು. ಪರೀಕ್ಷೆಯಲ್ಲಿ ಕಂಡುಬಂದದ್ದು ಗುದದ ಬಿರುಕು.

ಒಳಸ್ನಾಯು ಬಿಗಿದು ರಕ್ತಸಂಚಾರ ಕುಂದಿದರೆ ಬಿರುಕು ಬೇಗ ಮಾಯದು. ತಪ್ಪಲುಪಲ್ಯ, ಸಾಕಷ್ಟು ನೀರು, ಬೆಚ್ಚನೆಯ ನೀರಿನಲ್ಲಿ ಕೂಡುವುದು, ಮುಲಾಮು – ಇವು ಮೊದಲ ಉಪಚಾರ. ಇವುಗಳಿಂದ ಗುಣವಾಗದಿದ್ದರೆ ಬೊಟುಲಿನಮ್ ಚುಚ್ಚುಮದ್ದುಂಟು. 1993ರಲ್ಲಿ ಜರ್ಮನಿಯ ವೈದ್ಯರು ಈ ಬಳಕೆಯನ್ನು ವರದಿ ಮಾಡಿದರು. ಘೋರವಾದ ಈ ವಿಷವೇ ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವನ್ನು ಸುಮಾರು 2-3 ತಿಂಗಳು ಸಡಿಲಿಸುತ್ತದೆ. ಅಷ್ಟರಲ್ಲಿ ಗಾಯ ಮಾಯಬಹುದು. ಇದು ಶಸ್ತ್ರಕ್ರಿಯೆಯಷ್ಟು ಖಚಿತವಲ್ಲ. ಆದರೆ ಮಲ ತಡೆಯುವ ಶಕ್ತಿ ಶಾಶ್ವತವಾಗಿ ಕುಂದುವ ಭಯ ಕಡಿಮೆ. ನಮ್ಮ ಹಿರಿಯರು ಇದನ್ನೇ ಆರಿಸಿಕೊಂಡು ಗುಣಮುಖರಾದರು.

ರಕ್ತಸ್ರಾವಕ್ಕೆ ಬೇರೆ ಕಾರಣಗಳೂ ಇರಬಹುದು. ಆದ್ದರಿಂದ ಮನೆಮಂದಿ ಸಂಕೋಚ ಬಿಟ್ಟು ಕೇಳಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು.