ತಿದ್ದುಪಡಿಯ ಕಾಲ
ನನ್ನದೊಂದು ಗ್ರಂಥಸಂಪಾದನೆ ಅಚ್ಚಿಗೆ ಹೋಗುವ ಹೊತ್ತಿಗೆ ಕಂಪ್ಯೂಟರಿನ ಬರಹದ ತಂತ್ರಾಂಶ ತಾನಾಗಿಯೇ ಪರಿಷ್ಕಾರಗೊಂಡಿತು. ಸಾಲುಗಳು ಸರಿದವು; ಶಬ್ದಸೂಚಿಯ ಪುಟಸಂಖ್ಯೆಗಳೆಲ್ಲ ತಪ್ಪಾದವು. ಯಾವ ದೋಷವನ್ನು ತಿದ್ದಿದರೋ ತಿಳಿಯದು.

ಆಗ ನೆನಪಾದವರು ಡೊನಾಲ್ಡ್ ಕನೂಥ್. ತಮ್ಮ ಅಕ್ಷರಜೋಡಣೆಯ ತಂತ್ರಾಂಶವಾದ ‘ಟೆಕ್’ ಅನ್ನು 2014ರಲ್ಲಿ ತಿದ್ದಿದ ಅವರು ಮತ್ತೆ ಕೈಹಚ್ಚಿದ್ದು 2021ರಲ್ಲಿ. ಪ್ರತಿ ಸಲವೂ ಅದರ ಆವೃತ್ತಿಸಂಖ್ಯೆ ‘ಪೈ’ಗೆ ಒಂದಂಕಿ ಹತ್ತಿರವಾಗುತ್ತದೆ. ಸಂಪಾದಕನಿಗೆ ಇದಕ್ಕಿಂತ ಹಿತವಾದ ನಿಧಾನವುಂಟೆ?

ಕಳ್ಳರಿಗೆ ದಾರಿಬಿಡುವ ದೋಷದ ಮಾತು ಬೇರೆ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಕುತಂತ್ರಾಂಶ ಬ್ರಿಟನ್ನಿನ ಅನೇಕ ಆಸ್ಪತ್ರೆಗಳನ್ನು ಕಂಗೆಡಿಸಿತು. ಮೈಕ್ರೋಸಾಫ್ಟಿನ ತಿದ್ದುಪಡಿ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ. ಅಂಥದ್ದನ್ನು ಸಿದ್ಧವಾದ ದಿನವೇ ಕಳುಹಿಸಲಿ. ಉಳಿದವನ್ನು ವರ್ಷಕ್ಕೊಮ್ಮೆ, ಏನು ಬದಲಾಯಿತೆಂಬ ಒಪ್ಪೋಲೆಯೊಡನೆ ಕೊಟ್ಟರೆ ಸಾಕು.

ನನ್ನ ಶಬ್ದಸೂಚಿಯನ್ನು ಮತ್ತೆ ಕಟ್ಟಲು ಹನ್ನೊಂದು ದಿನ ಹಿಡಿಯಿತು.