ಹೃದಯದ ಲೆಕ್ಕ

ಹೃದಯವನ್ನು ಕವಿಗಳಿಗೊಪ್ಪಿಸಿ ನಿಶ್ಚಿಂತರಾಗಿರುವವರು ನಾವು. ವಿಜ್ಞಾನಿಗಳಾದರೋ ಅದಕ್ಕೂ ಲೆಕ್ಕವಿಟ್ಟರು. ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ 5,209 ಮಂದಿಯನ್ನು 1948ರಿಂದ ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಬಂದರು. ರಕ್ತದೊತ್ತಡ, ಕೊಲೆಸ್ಟರಾಲು, ಧೂಮಪಾನಗಳು ಹೃದ್ರೋಗಕ್ಕೆ ದಾರಿಮಾಡುವುವೆಂಬುದು ಅಲ್ಲಿ ದೃಢಪಟ್ಟಿತು. ಆದರೆ ಆ ಊರವರು ಬಹುಪಾಲು ಬಿಳಿಯರು. ಅವರ ಅಳತೆಗೋಲು ನಮಗೆ ಸಾಲುವುದೆ? 2018ರ ಅಮೆರಿಕೆಯ ಮಾರ್ಗಸೂಚಿಯು ದಕ್ಷಿಣ ಏಷ್ಯದ ಮೂಲವನ್ನೇ ಅಪಾಯವರ್ಧಕವೆಂದು ಎಣಿಸಿತು. 55 ತುಂಬುವ ಮೊದಲೇ ತಂದೆಗೆ ಹೃದ್ರೋಗ ಬಂದಿದ್ದರೆ ಅದನ್ನೂ ಗಣಿಸಬೇಕೆಂದಿತು.

ನಮ್ಮ ತಂದೆಯವರು 52ಕ್ಕೇ ಹೃದಯಾಘಾತದಿಂದ ತೀರಿಕೊಂಡರು. ನಮಗೀಗ 36. ಇದನ್ನು ಕೇಳಿದ ವೈದ್ಯರು, ವಂಶದಿಂದಲೇ ಬರುವ ಲೈಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣವನ್ನೂ ಅಳೆಯಿಸಹೇಳಿದರು. ಆಯುಷ್ಯದಲ್ಲಿ ಒಮ್ಮೆ ಅಳೆದರೆ ಸಾಕಂತೆ. ಎಲ್ಲರಿಗೂ ಒಂದೇ ಪಾಠ ಹೇಳುವ ನಮಗೆ, ಒಬ್ಬೊಬ್ಬರಿಗೊಂದು ಚಿಕಿತ್ಸೆಯೆಂಬುದು ಹೊಸದು. ಫಲಿತಾಂಶ ಸೋಮವಾರ ಬರುವುದು. ಅಂದೇ ಮೂರನೆಯ ತರಗತಿಗೆ ಮಗ್ಗಿಯ ಪರೀಕ್ಷೆ.