ಗುಡುಗು ಬೇಕೋ, ಮಾತು ಬೇಕೋ?

ಟೀವಿಗೆ ಸೌಂಡ್‌ಬಾರ್ ಕೊಳ್ಳಹೊರಟ ಮಿತ್ರರೇ, ಅಂಗಡಿಯ ಗುಡುಗಿಗೆ ಮರುಳಾಗಬೇಡಿ! ನಮ್ಮ ಕಮರಿಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಸಬ್‌ವೂಫರ್ ಗುಮ್ಮೆಂದರೆ ಪಕ್ಕದ ಮನೆಯ ತಾಟು ನಡುಗುತ್ತದೆ.

ನಮ್ಮಪ್ಪನಿಗೆ ಕಿವಿ ಮಂದ. ‘ತಮ್ಮಾ, ಗದ್ದಲ ಕೇಳತೈತಿ, ರಾಜಕುಮಾರ ಏನಂದಾ ಅನ್ನೂದು ತಿಳೀವಲ್ದೋ’ ಅಂತಾರೆ. 1977ರ ‘ಬಭ್ರುವಾಹನ’ದಲ್ಲಿ ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ. ಅಪ್ಪ-ಮಗನ ಆ ಮಾತಿನ ಕಾಳಗ ಕಿವಿಗೆ ಬೀಳದಿದ್ದರೆ ಉಳಿಯುವುದೇನು?

ಅದಕ್ಕೇ ಛಾವಣಿಗೆ ದನಿ ಚಿಮ್ಮಿಸುವ ಅಟ್ಮಾಸ್ ಬಿಟ್ಟೆ, ಎಡ-ಬಲ ಮಾತ್ರ ಇರುವ 2.1 ಸಹ ಬಿಟ್ಟೆ. ಆರಿಸಿದ್ದು 3.1. ಅದರ ನಡುವಿನ ಸ್ಪೀಕರ್‌ನ ಮುಖ್ಯ ಕೆಲಸವೇ ಸಂಭಾಷಣೆ. ಹಳೆಯ ಚಿತ್ರಕ್ಕೆ ರಿಮೋಟಿನಲ್ಲಿ ‘ವಾಯ್ಸ್’ ಒತ್ತಿದರಾಯ್ತು.

ಮನೆಯಲ್ಲಿ ಕಿವಿ ಮಂದವಾದವರಿದ್ದರೆ ಅಂಗಡಿಗೆ ಅವರನ್ನೇ ಕರೆದೊಯ್ಯಿರಿ. ಅವರಿಗೆ ಮಾತು ತಿಳಿದರಷ್ಟೇ ದುಡ್ಡು ಎಣಿಸಿ!